ಬಿಲ್ಲಿನಲ್ಲಿ ಕಾಣದ ಬಾಬತ್ತುಗಳು

ಮಳೆಗಾಲ ಮುಗಿದು ಗುಡ್ಡದ ಹುಲ್ಲು ಒಣಗತೊಡಗುವ ಹೊತ್ತಿಗೆ ನಮ್ಮ ಘಟ್ಟದ ರಸ್ತೆಗಳಲ್ಲಿ ಭಾರಿ ಎಸ್‌ಯುವಿಗಳ ಸಾಲು ಆರಂಭವಾಗುತ್ತದೆ. ಅವೆಲ್ಲವೂ ನಗರದಿಂದ ಬಂದವೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2024ರಲ್ಲಿ ಕಾಫಿಯ ಬೆಲೆ ದಾಖಲೆಯ ಮಟ್ಟಕ್ಕೆ ಏರಿದ ಮೇಲೆ ನಮ್ಮದೇ ತೋಟಗಳ ಅಂಗಳದಲ್ಲಿಯೂ ಇಂಥ ವಾಹನಗಳು ಬಂದು ನಿಂತಿವೆ. ಆದ್ದರಿಂದ ಈ ಸಲದ ನಮ್ಮ ಮಾತು ಹೊರಗಿನವರ ಮೇಲಣ ದೂರಲ್ಲ. ನಮ್ಮ ಮನೆಯ ಖರ್ಚಿನ ಪುಸ್ತಕವನ್ನು ನಾವೇ ಬಿಡಿಸಿ ನೋಡುವ ಪ್ರಯತ್ನ.

ಒಡೆಯನ ಪುಸ್ತಕದಲ್ಲಿರುವ ಲೆಕ್ಕ ಸಣ್ಣದೇನಲ್ಲ. ಕೋಟಿ ರೂಪಾಯಿಯ ವಾಹನವೆಂದರೆ ಶೇಕಡಾ 18ರ ಆಜೀವ ತೆರಿಗೆಯಂತೆ ಹದಿನೆಂಟು ಲಕ್ಷ ರೂಪಾಯಿ ಮೊದಲ ದಿನವೇ ಹೋಗುತ್ತದೆ. ಆಮೇಲೆ ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿ, ಲೀಟರಿಗೆ ಹತ್ತು ಕಿಲೋಮೀಟರ್ ಹಿಡಿದರೆ 1,500 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ ಲೆಕ್ಕ ಹಾಕಿದರೂ ಅದೊಂದೇ 1,35,000 ರೂಪಾಯಿ. ವಿಮೆ, ವಾರ್ಷಿಕ ಸರ್ವಿಸ್, ಬ್ರೇಕ್ ಪ್ಯಾಡ್, ಬ್ಯಾಟರಿ, ಒಂದೊಂದಕ್ಕೆ ಇಪ್ಪತ್ತು ಸಾವಿರ ದಾಟುವ ನಾಲ್ಕು ಟೈರು - ಇವೆಲ್ಲ ಬೇರೆ. ಇಷ್ಟನ್ನೂ ಒಡೆಯ ತನ್ನ ಜೇಬಿನಿಂದ ಕೊಡುತ್ತಾನೆ. ಅದು ಅವನ ಇಷ್ಟ, ಅವನ ಶಕ್ತಿ. ನಮ್ಮ ಪ್ರಶ್ನೆ ಬೇರೆ. ಇದೇ ವಾಹನದ ನಿರ್ವಹಣೆಯಲ್ಲಿ ಬಿಲ್ಲಿಗೆ ಬಾರದ ಬಾಬತ್ತುಗಳು ಕೆಲವಿವೆ. ಅವುಗಳ ಹಣವನ್ನು ಯಾರು ಕಟ್ಟುತ್ತಿದ್ದಾರೆ?

ಎಣ್ಣೆಯಿಂದಲೇ ತೊಡಗೋಣ. ದೊಡ್ಡ ಡೀಸೆಲ್ ಎಂಜಿನ್ನಿಗೆ ಒಂದು ಸಲಕ್ಕೆ ಆರೇಳು ಲೀಟರ್ ಎಂಜಿನ್ ಆಯಿಲ್ ಬೇಕಾಗುತ್ತದೆ. ಹೊಸ ಎಣ್ಣೆಯ ದರ ಬಿಲ್ಲಿನಲ್ಲಿ ಪೈಸೆಯ ಸಮೇತ ನಮೂದಾಗಿರುತ್ತದೆ. ಕೆಳಗಿಳಿಸಿದ ಕರಿ ಎಣ್ಣೆಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ನಮ್ಮಲ್ಲಿ ಅದನ್ನು ಗೆದ್ದಲು ಹಿಡಿಯದಂತೆ ಬೇಲಿಗೂಟಕ್ಕೆ ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗೆ ಸವರುತ್ತಾರೆ, ಉಳಿದುದನ್ನು ಚರಂಡಿಗೆ ಸುರಿಯುತ್ತಾರೆ. ಒಂದು ಸಲದ ಬದಲಾವಣೆಯಲ್ಲಿ ಹೊರಬಂದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಸಮೀಪದ ಹಳ್ಳವೊಂದರ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲಿಬಂದುದನ್ನು ನಾವು ಕಣ್ಣಾರೆ ಕಂಡೆವು. ಮೇಲ್ಭಾಗದ ಗ್ಯಾರೇಜಿನ ಅಂಗಳ ತೊಳೆದ ನೀರು ಅದಾಗಿತ್ತು. ಅದೇ ಹಳ್ಳದ ಕೆಳಭಾಗದಲ್ಲಿ ಪೈಪು ಹಾಕಿ ಕುಡಿಯುವ ನೀರು ತರುವ ಮನೆಗಳಿವೆ. ಆ ಮನೆಯವರಲ್ಲಿ ಯಾರಿಗೂ ಕಾರಿಲ್ಲ.

ಟೈರಿನ ಕಥೆಯೂ ಇಂಥದೇ. ಒಂದು ಟೈರು ತನ್ನ ಆಯುಷ್ಯದಲ್ಲಿ ಒಂದು ಕಿಲೋಗೂ ಮಿಕ್ಕಿ ರಬ್ಬರನ್ನು ಸವೆಸಿಕೊಳ್ಳುತ್ತದೆ. ವಾಹನ ಭಾರವಾದಷ್ಟೂ, ತಿರುವು ಹೆಚ್ಚಿದಷ್ಟೂ ಸವೆತ ಹೆಚ್ಚು. ಎರಡು ಟನ್ನಿಗೂ ಮೀರಿದ ವಾಹನ ಘಟ್ಟ ಇಳಿಯುವಾಗ ಸವೆದ ಆ ಹುಡಿ ಮೊದಲ ಮಳೆಗೆ ರಸ್ತೆಯಿಂದ ಹಳ್ಳಕ್ಕೆ ಇಳಿಯುತ್ತದೆ. ಟೈರು ಬಿರಿಯದಿರಲೆಂದು ಸೇರಿಸುವ ರಾಸಾಯನಿಕವೊಂದು ಗಾಳಿಯ ಓಝೋನ್ ತಗುಲಿ ಬೇರೊಂದು ವಿಷವಾಗಿ ಮಾರ್ಪಡುತ್ತದೆಂದೂ, ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಅದೇ ಕಾರಣವೆಂದೂ ವಿಜ್ಞಾನಿಗಳು 2020ರಲ್ಲಿ ತೋರಿಸಿಕೊಟ್ಟರು. ನಮ್ಮ ಹಳ್ಳದ ಮೀನು ಬೇರೆ ಜಾತಿಯದು ನಿಜ. ಟೈರು ಮಾತ್ರ ಬೇರೆಯದಲ್ಲ.

ಮೂರನೆಯದು ಬೆಂಕಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಎಸ್‌ಯುವಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿದೆ. ಮಸಿ ತುಂಬಿದಾಗ ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮಸಿಯನ್ನು ಸುಟ್ಟು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಒಣಹುಲ್ಲಿನ ಮೇಲೆ ವಾಹನ ನಿಲ್ಲಿಸಬಾರದೆಂದು ಕೈಪಿಡಿಗಳು ಎಚ್ಚರಿಸುವುದು ಈ ಕಾವಿನ ಕಾರಣದಿಂದಲೇ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಛಾಯಾಚಿತ್ರಕ್ಕಾಗಿ ಗುಡ್ಡದ ಹುಲ್ಲುಗಾವಲಿಗೆ ವಾಹನ ಇಳಿಸುವವರಲ್ಲಿ ಎಷ್ಟು ಮಂದಿ ಆ ಪುಟವನ್ನು ಓದಿದ್ದಾರೆ? ಶೋಲಾ ಕಾಡಿನ ಅಂಚಿಗೆ ಬೆಂಕಿ ತಗುಲಿದರೆ ಅದನ್ನು ನಂದಿಸಲು ಸೊಪ್ಪು ಹಿಡಿದು ಓಡುವವರು ಯಾರೆಂಬುದು ನಮಗೆಲ್ಲ ಗೊತ್ತು. ಇನ್ನು ಕೆಲವರು ಶೋಧಕದ ಖರ್ಚು ತಪ್ಪಿಸಲು ಅದನ್ನೇ ಕಿತ್ತುಹಾಕಿಸುತ್ತಾರೆ. ಅಲ್ಲಿ ಒಡೆಯನಿಗೆ ಉಳಿತಾಯವಾದದ್ದು ದಾರಿಹೋಕರ ಪುಪ್ಪುಸದ ಖಾತೆಗೆ ಖರ್ಚಾಗಿ ಜಮೆಯಾಗುತ್ತದೆ.

ನಾವು ವಾಹನದ ವೈರಿಗಳಲ್ಲ. ರಸ್ತೆಯಿಲ್ಲದ ಕಾಲದಲ್ಲಿ ಹೆರಿಗೆ ನೋವಿನ ಹೆಂಗಸರನ್ನು ಕೆಸರಿನ ದಾರಿಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದ ಹಳೆಯ ಜೀಪುಗಳ ಋಣ ಈ ಊರುಗಳ ಮೇಲಿದೆ. ರಸ್ತೆಯನ್ನು ಹೆಚ್ಚು ಕೆಡಿಸುವುದು ಎಸ್‌ಯುವಿಗಿಂತ ತುಂಬಿದ ಲಾರಿಯೆಂಬುದನ್ನೂ ಒಪ್ಪುತ್ತೇವೆ. ಆದರೆ ಬೆಟ್ಟಕ್ಕೆ ಹೊರುವ ಶಕ್ತಿಗೊಂದು ಮಿತಿಯಿದೆ. ನೆರೆಯ ನೀಲಗಿರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲ್‌ನಲ್ಲಿ ಬೇಸಿಗೆಯ ಪ್ರವಾಸಿ ವಾಹನಗಳಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಎಂಬ ಮಿತಿ ಬಂತು. ಅದೇ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಒಟ್ಟು ತೆರಿಗೆ ಶೇಕಡಾ 50ರಿಂದ 40ಕ್ಕೆ ಇಳಿಯಿತು. ಒಂದು ಕೈ ಬಾಗಿಲು ಎಳೆಯುತ್ತಿರುವಾಗ ಇನ್ನೊಂದು ಕೈ ಅದನ್ನು ದೂಡಿ ತೆರೆಯುತ್ತಿದೆ.

ಹಾಗಾದರೆ ಮಾಡಬೇಕಾದುದೇನು? ಕಾನೂನು ಈಗಾಗಲೇ ಇದೆ. 2016ರ ನಿಯಮಗಳಂತೆ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆ ಎಣ್ಣೆ ತಯಾರಕರ ಮೇಲೂ ಇದೆ. ಇಲ್ಲದಿರುವುದು ನಮ್ಮ ಸಣ್ಣ ಪೇಟೆಗಳಿಂದ ಅದನ್ನು ಒಯ್ಯುವ ವ್ಯವಸ್ಥೆ. ತಿಂಗಳಿಗೊಮ್ಮೆ ಗ್ಯಾರೇಜುಗಳಿಂದ ಕರಿ ಎಣ್ಣೆ, ಹಳೆಯ ಟೈರು, ಬ್ಯಾಟರಿಗಳನ್ನು ಸಂಗ್ರಹಿಸಿ ಅಧಿಕೃತ ಘಟಕಕ್ಕೆ ಕಳುಹಿಸುವ ಕೇಂದ್ರ ಪ್ರತಿ ತಾಲ್ಲೂಕಿನಲ್ಲಿಯೂ ಆಗಬೇಕು. ಗ್ಯಾರೇಜಿನ ಬಡ ಮೆಕ್ಯಾನಿಕನ ಮೇಲೆ ದಂಡ ಹೇರುವ ಮೊದಲು ಅವನಿಗೊಂದು ಪೀಪಾಯಿಯನ್ನೂ ಅದನ್ನು ಕೊಂಡೊಯ್ಯುವ ಗಾಡಿಯನ್ನೂ ಒದಗಿಸಬೇಕು.

ಒಡೆಯರ ಪಾಲಿನ ಕೆಲಸ ಕಷ್ಟದ್ದಲ್ಲ. ಟೈರಿನ ಗಾಳಿ ಸರಿಯಾಗಿಡುವುದು, ಯಾವ ಗೇರಿನಲ್ಲಿ ಏರಿದೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತನ್ನು ಪಾಲಿಸಿ ಬ್ರೇಕಿನ ಸವೆತ ತಗ್ಗಿಸುವುದು, ಹಳ್ಳದಲ್ಲಿ ವಾಹನ ತೊಳೆಯದಿರುವುದು, ಹುಲ್ಲುಗಾವಲಿಗೆ ಚಕ್ರ ಇಳಿಸದಿರುವುದು - ಇವು ಜೇಬಿಗೂ ಹಿತ, ಬೆಟ್ಟಕ್ಕೂ ಹಿತ. ಇದರ ಜೊತೆಗೆ, ಮುಂದಿನ ಸರ್ವಿಸಿನ ದಿನ ಬಿಲ್ಲನ್ನು ಕೈಗೆ ತೆಗೆದುಕೊಳ್ಳುವಾಗ ಒಂದೇ ಒಂದು ಪ್ರಶ್ನೆ ಕೇಳಿ: "ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ?" ಉತ್ತರ ಸಿಗುವವರೆಗೆ ಕೌಂಟರಿನ ಮುಂದಿನಿಂದ ಕದಲಬೇಡಿ. ಹಳ್ಳದ ಕೆಳಭಾಗದ ಮನೆಗಳವರು ಕೇಳಬೇಕಾಗಿದ್ದ ಪ್ರಶ್ನೆ ಅದು. ಅವರನ್ನು ಆ ಕೌಂಟರಿನವರೆಗೆ ಯಾರೂ ಬಿಡುವುದಿಲ್ಲ.