ಗಲ್ಫ್‌ನ ಕವಚದ ಗಾಡಿ ಮತ್ತು ನಮ್ಮ ಪಾಸ್‌ಪೋರ್ಟು

2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ ಪ್ರಿವೆಂಟಿವ್ ವಿಭಾಗವು ಕೇರಳದಾದ್ಯಂತ ಒಂದೇ ದಿನ ಶೋಧ ನಡೆಸಿ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಪಡಿಸಿಕೊಂಡಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು 'ನುಮ್‌ಖೋರ್'. ಭೂತಾನಿನ ಭಾಷೆಯಲ್ಲಿ ಅದರ ಅರ್ಥ ವಾಹನ ಎಂದು. ಭೂತಾನಿನಲ್ಲಿ ಹರಾಜಾದ ಹಳೆಯ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್, ಪಟ್ರೋಲ್‌ನಂಥ ಗಾಡಿಗಳನ್ನು ಗಡಿ ದಾಟಿಸಿ, ಸೇನೆ ಮತ್ತು ರಾಯಭಾರ ಕಚೇರಿಗಳ ಹೆಸರಲ್ಲಿ ನಕಲಿ ದಾಖಲೆ ಸೃಷ್ಟಿಸಿ, ಉತ್ತರದ ಗುಡ್ಡಗಾಡು ರಾಜ್ಯಗಳಲ್ಲಿ ನೋಂದಾಯಿಸಿ ದಕ್ಷಿಣಕ್ಕೆ ಮಾರಲಾಗಿದೆ ಎಂಬುದು ಇಲಾಖೆಯ ಆರೋಪ. ಮಲಯಾಳಂ ಚಿತ್ರರಂಗದ ಖ್ಯಾತನಾಮರ ಮನೆಗಳಿಗೂ ಅಧಿಕಾರಿಗಳು ಹೋದುದರಿಂದ ಪತ್ರಿಕೆಗಳಿಗೆ ವಾರಗಟ್ಟಲೆ ಸುದ್ದಿಯಾಯಿತು. ಆದರೆ ಆ ಗಾಡಿಗಳ ಖರೀದಿದಾರರೆಲ್ಲರೂ ನಟರಲ್ಲ. ಗಲ್ಫ್‌ನಲ್ಲಿ ದುಡಿದು ಬಂದವರು, ಮೂರನೆಯ ಅಥವಾ ನಾಲ್ಕನೆಯ ಕೈಯಿಂದ ಕೊಂಡವರು, ಆರ್‌ಸಿ ಪುಸ್ತಕವನ್ನು ನೋಡಿ ಎಲ್ಲವೂ ಸರಿಯಿದೆ ಎಂದು ನಂಬಿದವರು ಕೂಡ ಇಂಥ ಪ್ರಕರಣಗಳಲ್ಲಿ ಸಿಲುಕುತ್ತಾರೆ. ನಟನಿಗೆ ಹೈಕೋರ್ಟಿನ ಬಾಗಿಲು ತಟ್ಟುವ ಸಾಮರ್ಥ್ಯವಿದೆ. ಉಳಿದವರಿಗೆ?

ಮಂಗಳೂರಿನಲ್ಲಿ ಕುಳಿತು ನಾವು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ತಲಪಾಡಿಯಿಂದ ಸುರತ್ಕಲ್‌ವರೆಗಿನ ಹೆದ್ದಾರಿಯಲ್ಲಿ ಅರಬಿ ಅಕ್ಷರದ ನಂಬರ್ ಫಲಕ ಹೊತ್ತ, ಎಡಬದಿಯಲ್ಲಿ ಸ್ಟಿಯರಿಂಗ್ ಇರುವ ಬೃಹತ್ ಗಾಡಿಗಳು ಆಗಾಗ ಕಾಣಿಸುತ್ತವೆ. ಮಕ್ಕಳು ಮೊಬೈಲ್ ಹಿಡಿದು ಅವುಗಳ ಹಿಂದೆ ಓಡುತ್ತಾರೆ. ಅವುಗಳಲ್ಲಿ ಬಹುಪಾಲು 'ಕಾರ್ನೆ' ಎಂಬ ತಾತ್ಕಾಲಿಕ ಪರವಾನಗಿ ಪತ್ರದ ಮೇಲೆ ಹಡಗಿನಲ್ಲಿ ಬಂದವು. ಅದು ಕಾನೂನುಬದ್ಧ ವ್ಯವಸ್ಥೆಯೇ. ಇತ್ತೀಚೆಗೆ ಉಳ್ಳವರ ಮಾತುಕತೆಯಲ್ಲಿ ಇನ್ನೊಂದು ಬಗೆಯ ಗಾಡಿಯ ಪ್ರಸ್ತಾಪವೂ ಕೇಳಿಬರುತ್ತಿದೆ. ಅದು ಕವಚ ತೊಡಿಸಿದ, ಗುಂಡು ನಿರೋಧಕ ಗಾಡಿ. ಯುಎಇಯ ರಾಸ್ ಅಲ್ ಖೈಮಾ ಮುಂತಾದೆಡೆ ಲ್ಯಾಂಡ್ ಕ್ರೂಸರಿಗೆ ಉಕ್ಕಿನ ಕವಚ ಹೊದಿಸುವ ಕಾರ್ಖಾನೆಗಳಿವೆ. ಇರಾಕಿಗೂ ಆಫ್ರಿಕಕ್ಕೂ ಹೋಗಬೇಕಾದ ಗಾಡಿಗಳನ್ನು ಅಲ್ಲಿ ಸಿದ್ಧಪಡಿಸುತ್ತಾರೆ. ಬಳಸಿದ ಗಾಡಿ ಅಲ್ಲಿ ಅಗ್ಗಕ್ಕೆ ಸಿಗುತ್ತದೆ, ಹಡಗಿಗೆ ಹಾಕಿದರೆ ಸಾಕು ಎಂದು ಹೇಳುವ ದಲ್ಲಾಳಿಗಳೂ ಇದ್ದಾರೆ.

ಸಾಕಾಗುವುದಿಲ್ಲ. ಏಕೆಂದು ಸ್ವಲ್ಪ ವಿವರವಾಗಿಯೇ ನೋಡೋಣ.

ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ವೇಗ ತೋರಿಸುವ ಮಾಪಕ ಕಿಲೋಮೀಟರಿನಲ್ಲಿರಬೇಕು. ಮುಂದೀಪಗಳ ಬೆಳಕು ರಸ್ತೆಯ ಎಡಬದಿಯಲ್ಲಿ ಚಲಿಸುವ ನಮ್ಮ ಪದ್ಧತಿಗೆ ಹೊಂದಬೇಕು. ಆಮದಾದ ದಿನದಿಂದ ಐದು ವರ್ಷವಾದರೂ ಅದು ರಸ್ತೆಗೆ ಯೋಗ್ಯವಾಗಿರುತ್ತದೆ ಎಂಬ ಪ್ರಮಾಣಪತ್ರವನ್ನು ಹಡಗು ಹತ್ತುವ ಮುನ್ನವೇ ಪಡೆದಿರಬೇಕು. ಬಂದ ಮೇಲೆ ಪುಣೆಯ ಎಆರ್‌ಎಐ ಅಥವಾ ಅಂಥದೇ ಸರಕಾರಿ ಮಾನ್ಯತೆಯ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಇವೆಲ್ಲವೂ ಮುಂಬಯಿ ಬಂದರಿನ ಮೂಲಕವೇ ನಡೆಯಬೇಕು. ಪಣಂಬೂರಿನಲ್ಲಿ ಹಡಗಿನಿಂದ ಇಳಿಸಿ ಮನೆಗೆ ಓಡಿಸಿಕೊಂಡು ಹೋಗುವ ಕನಸಿಗೆ ಇಲ್ಲಿ ಜಾಗವಿಲ್ಲ. ಹೊಸ ಗಾಡಿಯ ಷರತ್ತುಗಳು ಬೇರೆ. ಅದು ಹಿಂದೆ ಯಾರಿಗೂ ಮಾರಾಟವಾಗಿರಬಾರದು, ಯಾವ ದೇಶದಲ್ಲೂ ನೋಂದಣಿಯಾಗಿರಬಾರದು, ತಯಾರಾದ ದೇಶದಿಂದಲೇ ನೇರವಾಗಿ ಬರಬೇಕು. ಜಪಾನಿನಲ್ಲಿ ತಯಾರಾಗಿ ದುಬೈಯ ಮಳಿಗೆ ಸೇರಿದ ಗಾಡಿಗೆ ಈ ಕೊನೆಯ ಷರತ್ತೇ ಅಡ್ಡಗೋಡೆ. ಇನ್ನು ಗಲ್ಫ್ ಮಾರುಕಟ್ಟೆಯ ಗಾಡಿಗಳ ಸ್ಟಿಯರಿಂಗ್ ಎಡಬದಿಯಲ್ಲೇ ಇರುವುದರಿಂದ ಮೊದಲ ಮೆಟ್ಟಿಲಲ್ಲೇ ಅರ್ಜಿ ಬಿದ್ದುಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 120ನೆಯ ಸೆಕ್ಷನ್ ಎಡ ಸ್ಟಿಯರಿಂಗಿನ ಗಾಡಿಯನ್ನು ಸಂಕೇತ ಸಾಧನವಿದ್ದರೆ ಓಡಿಸಬಹುದೆನ್ನುತ್ತದಲ್ಲ ಎಂದು ಕೆಲವರು ವಾದಿಸುವುದುಂಟು. ಓಡಿಸುವ ನಿಯಮ ಬೇರೆ, ಆಮದಿನ ನಿಯಮ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ದಲ್ಲಾಳಿಯ ಕಸುಬು.

ಸುಂಕದ ಲೆಕ್ಕವನ್ನೂ ನೋಡಿ. 2025ರ ಬಜೆಟ್ಟಿನಲ್ಲಿ ಬಳಸಿದ ಕಾರಿನ ಮೂಲ ಸುಂಕವನ್ನು ಶೇ. 70ಕ್ಕೆ ಇಳಿಸಲಾಯಿತು ಎಂಬ ಶೀರ್ಷಿಕೆ ಕಂಡು ಹಲವರು ಹಿಗ್ಗಿದರು. ಅದರ ಜೊತೆಗೆ ಶೇ. 67.5ರ ಕೃಷಿ ಮೂಲಸೌಕರ್ಯ ಸೆಸ್ ಸೇರಿಸಿದ್ದನ್ನು ಅವರು ಓದಲಿಲ್ಲ. ಒಟ್ಟು ಹೊರೆ ಹಿಂದಿನಷ್ಟೇ, ಅಂದರೆ ಶೇ. 137.5. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಅನ್ವಯಿಸಿದ ಶೇ. 40ರ ಜಿಎಸ್‌ಟಿ. ಸಾಗಾಟ, ವಿಮೆ ಎಲ್ಲ ಸೇರಿ 50 ಲಕ್ಷ ರೂಪಾಯಿಯ ಗಾಡಿ ಎಂದಿಟ್ಟುಕೊಳ್ಳಿ. ಸುಂಕ ಮತ್ತು ಸೆಸ್ 68.75 ಲಕ್ಷ. ಒಟ್ಟು 118.75 ಲಕ್ಷದ ಮೇಲೆ ಜಿಎಸ್‌ಟಿ 47.5 ಲಕ್ಷ. ಬಂದರಿನಿಂದ ಹೊರಬರುವಾಗ ಅದರ ಬೆಲೆ 1 ಕೋಟಿ 66 ಲಕ್ಷ ದಾಟಿರುತ್ತದೆ. ಬಳಿಕ ಕರ್ನಾಟಕದ ಜೀವಾವಧಿ ತೆರಿಗೆ ಇದೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಅದು ಶೇ. 18, ಅದರ ಮೇಲೆ ಸೆಸ್ ಬೇರೆ. 'ಅಗ್ಗದ ಗಾಡಿ' ಎಂಬ ಮಾತಿಗೆ ಅರ್ಥ ಬರಬೇಕಾದರೆ ಈ ಹಣವನ್ನು ಯಾರೋ ಎಲ್ಲೋ ಕಟ್ಟದೆ ತಪ್ಪಿಸಿರಬೇಕು.

ಕವಚದ ಸಮಸ್ಯೆ ಇನ್ನೂ ಮುಂದಿನದು. ರೈಫಲಿನ ಗುಂಡು ತಡೆಯುವ ದರ್ಜೆಯ ಕವಚವೆಂದರೆ ಗಾಡಿಗೆ ಒಂದು ಟನ್ನಿಗೂ ಮಿಕ್ಕಿದ ಭಾರ. ಗಾಜು ಅಂಗೈಯ ಅಗಲದ ಅರ್ಧದಷ್ಟು ದಪ್ಪ. ಬಾಗಿಲಿನ ಕೀಲು, ಸಸ್ಪೆನ್ಶನ್, ಬ್ರೇಕು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಅಲ್ಲಿಗೆ ಅದು ತಯಾರಕ ಕಂಪೆನಿ ಪರೀಕ್ಷೆಗೆ ಒಪ್ಪಿಸಿ ಅನುಮೋದನೆ ಪಡೆದ ಗಾಡಿಯಾಗಿ ಉಳಿಯುವುದಿಲ್ಲ. ಕಾಯ್ದೆಯ 52ನೆಯ ಸೆಕ್ಷನ್ ತಯಾರಕನ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ಮತ್ತಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ನಿಜವಾಗಿ ಜೀವಭಯವಿರುವ ಶ್ರೀಮಂತನಿಗೆ ಕಂಪೆನಿಗಳೇ ತಯಾರಿಸಿ ಮಾರುವ ಕವಚದ ಕಾರುಗಳ ದಾರಿಯಿದೆ. ದುಬಾರಿ, ಆದರೆ ದಾಖಲೆ ಶುದ್ಧ.

ಇಷ್ಟು ಗೋಡೆಗಳಿರುವಲ್ಲಿ ಸುರಂಗ ಕೊರೆಯುವವರೂ ಇರುತ್ತಾರೆ. ನಮ್ಮ ಆತಂಕ ಇರುವುದು ಅಲ್ಲಿಯೇ. ಎರಡು ದಶಕಗಳ ಹಿಂದೆ ದಕ್ಷಿಣ ಭಾರತದಲ್ಲಿ ನಡೆದ ಆಮದು ಕಾರುಗಳ ಹಗರಣವನ್ನು ನೆನಪಿಸಿಕೊಳ್ಳಿ. ವಿದೇಶದಿಂದ ಶಾಶ್ವತವಾಗಿ ಮರಳುವವರಿಗೆಂದು ಇದ್ದ ರಿಯಾಯಿತಿಯನ್ನು ಬಳಸಿ, ಅನಿವಾಸಿಗಳ ಪಾಸ್‌ಪೋರ್ಟಿನ ಮೇಲೆ ಐಷಾರಾಮಿ ಕಾರುಗಳನ್ನು ತರಿಸಿ, ಬೆಲೆಯನ್ನು ಕಡಿಮೆ ತೋರಿಸಿ, ಸಿರಿವಂತರಿಗೆ ಮಾರಲಾಯಿತು ಎಂಬುದು ಕಂದಾಯ ಗುಪ್ತಚರ ಇಲಾಖೆಯ ಆರೋಪವಾಗಿತ್ತು. 2013ರ ಮಾರ್ಚ್‌ನಲ್ಲಿ ಚೆನ್ನೈಯ ರಾಜಕಾರಣಿಗಳ ಅಂಗಳಕ್ಕೂ ಸಿಬಿಐ ಹೋದದ್ದು ಅದೇ ಜಾಡಿನಲ್ಲಿ, ಹಮ್ಮರ್ ಗಾಡಿಯನ್ನು ಹುಡುಕಿಕೊಂಡು. ಕೊಂಡವರ ಹೆಸರು ಪತ್ರಿಕೆಯ ಮುಖಪುಟದಲ್ಲಿ ಬಂತು. ಪಾಸ್‌ಪೋರ್ಟು ಕೊಟ್ಟವರ ಹೆಸರು ನೋಟಿಸಿನಲ್ಲಿ ಮಾತ್ರ.

ಜಿದ್ದಾದಲ್ಲೋ ಅಬೂಧಾಬಿಯಲ್ಲೋ ಚಾಲಕನಾಗಿ, ಮಳಿಗೆಯ ನೌಕರನಾಗಿ ದುಡಿದು ಮರಳುವವನ ಬಳಿಗೆ ಒಬ್ಬ ಬರುತ್ತಾನೆ. 'ನೀವು ಏನೂ ಮಾಡಬೇಕಿಲ್ಲ ಕಾಕ, ಪಾಸ್‌ಪೋರ್ಟಿನ ಪ್ರತಿ ಕೊಡಿ, ಎರಡು ಕಡೆ ರುಜು ಹಾಕಿ, ಟಿಕೆಟಿನ ಖರ್ಚು ನಮ್ಮದು' ಎನ್ನುತ್ತಾನೆ. ಚಿನ್ನದ ಕ್ಯಾರಿಯರ್‌ಗಳನ್ನು ಹುಡುಕುವವರೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಆಡುತ್ತಾರೆ. ರುಜು ಹಾಕಿದ ಕ್ಷಣದಿಂದ ಕಾನೂನಿನ ಕಣ್ಣಿಗೆ ಆಮದುದಾರ ಅವನೇ. ಕಸ್ಟಮ್ಸ್ ಕಾಯ್ದೆಯ 111ನೆಯ ಸೆಕ್ಷನ್ ಪ್ರಕಾರ ಗಾಡಿ ಮುಟ್ಟುಗೋಲಾಗುತ್ತದೆ. 112ರ ಪ್ರಕಾರ ದಂಡ ಬೀಳುತ್ತದೆ. 135ರ ಪ್ರಕಾರ ಏಳು ವರ್ಷದವರೆಗೆ ಸೆರೆವಾಸವೂ ಆಗಬಹುದು. ಗಾಡಿಯನ್ನು ಒಂದು ದಿನವೂ ಓಡಿಸದವನ ತಲೆಯ ಮೇಲೆ ಅದರ ಇಡೀ ಭಾರ ಕುಳಿತುಕೊಳ್ಳುತ್ತದೆ.

ಕಾರ್ನೆಯಲ್ಲೂ ಇಂಥದೇ ಬಲೆಯಿದೆ. ಆ ಪತ್ರದ ಆಧಾರದಲ್ಲಿ ಬಂದ ಗಾಡಿ ಸಾಮಾನ್ಯವಾಗಿ ಆರು ತಿಂಗಳೊಳಗೆ ದೇಶ ಬಿಡಬೇಕು. ಅದನ್ನು ಮಾರುವಂತಿಲ್ಲ. 2022ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳು ವಿದೇಶಿ ನೋಂದಣಿಯ ಗಾಡಿಯಲ್ಲಿ ಸ್ಥಳೀಯ ಪ್ರಯಾಣಿಕರನ್ನೂ ಸರಕನ್ನೂ ಸಾಗಿಸುವುದನ್ನು ನಿಷೇಧಿಸಿವೆ. ಅವಧಿ ಮೀರಿದರೆ ಜಾಮೀನಿಟ್ಟ ಹಣ ಹೋಗುತ್ತದೆ, ಗಾಡಿಯೂ ಹೋಗುತ್ತದೆ. ಮದುವೆಗೆಂದು ತಂದ ಗಾಡಿಯನ್ನು ಭಾವಮೈದುನನ ಸುಪರ್ದಿಗೆ ಬಿಟ್ಟು ವಿಮಾನ ಹತ್ತುವವರು ಇದನ್ನು ತಿಳಿದಿರಬೇಕು.

ಇಲ್ಲಿ ಒಂದು ಧಾರ್ಮಿಕ ವಾದವೂ ಮೆಲುದನಿಯಲ್ಲಿ ಹರಿದಾಡುತ್ತದೆ. ಸುಂಕವೆಂದರೆ 'ಮಕ್ಸ್', ಅದು ಅನ್ಯಾಯದ ವಸೂಲಿ, ಪ್ರವಾದಿ(ಸ)ಯವರು ಅದನ್ನು ಖಂಡಿಸಿದ್ದಾರೆ, ಆದ್ದರಿಂದ ತಪ್ಪಿಸಿದರೆ ಪಾಪವಿಲ್ಲ ಎಂಬ ವಾದ. ಮದ್ರಸದ ಪಾಠಪುಸ್ತಕದಲ್ಲಿ ಆ ಪದವನ್ನು ಓದಿದವರಿಗೆ ಅದರ ಮುಂದಿನ ಪುಟವೂ ನೆನಪಿರಬೇಕಿತ್ತು. ದಾರಿಹೋಕ ವರ್ತಕನನ್ನು ತಡೆದು ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದ ವಸೂಲಿ ಅದು. ಜನಪ್ರತಿನಿಧಿಗಳ ಸಭೆ ಅಂಗೀಕರಿಸಿ, ಎಲ್ಲ ಧರ್ಮದವರಿಗೂ ಸಮಾನವಾಗಿ ವಿಧಿಸುವ ತೆರಿಗೆ ಅದಕ್ಕೆ ಸಮವೇ ಎಂಬ ಬಗ್ಗೆ ಉಲೇಮಾಗಳಲ್ಲಿ ದೀರ್ಘ ಚರ್ಚೆಯಿದೆ. ಶೇ. 137.5 ನ್ಯಾಯವೇ ಎಂದು ಕೇಳುವ ಹಕ್ಕೂ ನಮಗಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಅತಿ. ಆದರೆ ಆ ಚರ್ಚೆ ಎಲ್ಲಿಗೇ ಮುಟ್ಟಲಿ, ಸುಳ್ಳು ಘೋಷಣೆ, ನಕಲಿ ದಾಖಲೆ, ಲಂಚ ಇವು ಯಾವ ಮದ್‌ಹಬ್‌ನಲ್ಲಿ ಹಲಾಲ್ ಆಗಿವೆ? ಸುಳ್ಳು ಸಾಕ್ಷ್ಯವನ್ನು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ ಪ್ರವಾದಿ(ಸ)ಯವರ ಎಚ್ಚರಿಕೆಗೆ ಯಾವ ವಿನಾಯಿತಿಯಿದೆ? ಕರಾರುಗಳನ್ನು ಪಾಲಿಸಿರಿ ಎಂಬ ಆದೇಶದಿಂದಲೇ ಆರಂಭವಾಗುವ ಅಲ್ ಮಾಇದ ಅಧ್ಯಾಯವನ್ನು ರಮಝಾನಿನಲ್ಲಿ ಕಣ್ಣೀರಿಟ್ಟು ಕೇಳುವವರು ವೀಸಾದ ಮೇಲೆ ಹಾಕಿದ ರುಜುವನ್ನೂ ಬಿಲ್ಲಿನ ಮೇಲೆ ಹಾಕಿದ ರುಜುವನ್ನೂ ಕರಾರೆಂದೇ ತಿಳಿಯಬೇಕಲ್ಲವೇ?

ಹಾಗಾದರೆ ಭಯ? ಅದು ಸುಳ್ಳಲ್ಲ. 2025ರ ಎಪ್ರಿಲ್ 27ರಂದು ಕುಡುಪುವಿನ ಕ್ರಿಕೆಟ್ ಮೈದಾನದ ಬಳಿ ವಲಸೆ ಬಂದಿದ್ದ ಬಡಪಾಯಿಯೊಬ್ಬನನ್ನು ಗುಂಪು ಬಡಿದು ಕೊಂದಿತು. ಮೇ 1ರಂದು ಬಜ್ಪೆಯಲ್ಲಿ ಕಾರಿನಲ್ಲಿ ಬರುತ್ತಿದ್ದವನನ್ನು ಅಡ್ಡಗಟ್ಟಿ ಕಡಿಯಲಾಯಿತು. ಮೇ 27ರಂದು ಬಂಟ್ವಾಳದ ಕೊಳತ್ತಮಜಲಿನಲ್ಲಿ ಪಿಕಪ್‌ನಿಂದ ಮರಳು ಇಳಿಸುತ್ತಿದ್ದ ಚಾಲಕನನ್ನು ಕೊಂದರು. ಸತ್ತವರ ಧರ್ಮ ಬೇರೆ, ತಾಯಂದಿರ ಅಳು ಒಂದೇ. ಆ ಒಂದು ತಿಂಗಳಲ್ಲಿ ಕರಾವಳಿಯ ಯಾವ ಮನೆಯಲ್ಲೂ ಗಂಡಸರು ಮರಳುವವರೆಗೆ ಹೆಂಗಸರು ನೆಮ್ಮದಿಯಿಂದ ಮಲಗಲಿಲ್ಲ. ಒಂಟೆಯನ್ನು ಕಟ್ಟಿಹಾಕಿ ಅಲ್ಲಾಹನ ಮೇಲೆ ಭರವಸೆಯಿಡುವುದನ್ನು ಕಲಿಸಿದ ಧರ್ಮ ನಮ್ಮದು. ಆತ್ಮರಕ್ಷಣೆಯ ಕಾಳಜಿಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ.

ಆದರೆ ಈ ಮೂವರಲ್ಲಿ ಯಾರನ್ನು ಕವಚದ ಗಾಡಿ ಉಳಿಸುತ್ತಿತ್ತು? ಒಬ್ಬ ಬರಿಗಾಲಲ್ಲಿ ನಡೆಯುತ್ತಿದ್ದವನು, ಇನ್ನೊಬ್ಬ ಹಾರೆ ಹಿಡಿದಿದ್ದವನು. ಕೋಟಿಗಳ ಕವಚ ಅದನ್ನು ಕೊಳ್ಳಬಲ್ಲವನಿಗಷ್ಟೇ. ಮೀನು ಮಾರುವವನಿಗೆ, ಗುಜರಿ ಹೆಕ್ಕುವವನಿಗೆ, ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನರ್ಸಿಗೆ ಇರುವ ಕವಚವೆಂದರೆ ಸರಕಾರ ಮಾತ್ರ. ಸಮುದಾಯದ ಉಳ್ಳವರು ಗಾಜಿನ ಹಿಂದೆ ಸರಿದರೆ ಆ ಕವಚಕ್ಕಾಗಿ ಠಾಣೆಯ ಬಾಗಿಲಲ್ಲಿ ನಿಲ್ಲುವವರು ಯಾರು? 2025ರ ಜೂನ್‌ನಲ್ಲಿ ರಾಜ್ಯ ಸರಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆಂದು ವಿಶೇಷ ಕಾರ್ಯಪಡೆಯನ್ನು ರಚಿಸಿತು. ತಡವಾಗಿಯಾದರೂ ಅದು ಸರಿಯಾದ ಹೆಜ್ಜೆ. ಅದು ಯಾರ ಮೇಲೆ ಎಷ್ಟು ಪ್ರಕರಣ ದಾಖಲಿಸಿತು, ಎಷ್ಟು ಆರೋಪಪಟ್ಟಿ ಸಲ್ಲಿಸಿತು, ಎಷ್ಟು ಶಿಕ್ಷೆಯಾಯಿತು ಎಂದು ಪ್ರತಿ ವರ್ಷ ಲೆಕ್ಕ ಕೇಳುವುದು ನಾಗರಿಕರ ಕೆಲಸ. ವೈಯಕ್ತಿಕ ಬೆದರಿಕೆಯಿರುವವನು ಪೊಲೀಸ್ ಆಯುಕ್ತರಿಗೆ ಲಿಖಿತ ಅರ್ಜಿ ಕೊಟ್ಟು ರಕ್ಷಣೆ ಕೇಳುವ ದಾರಿಯೂ ಇದೆ. ಖಲೀಫ ಉಮರ್(ರ) ಮಸೀದಿಯಲ್ಲಿ ನಮಾಝಿಗೆ ನಿಂತಿದ್ದಾಗಲೇ ಇರಿತಕ್ಕೊಳಗಾದರು. ಆಮೇಲೂ ಅವರ ಚಿಂತೆ ಮುಂದಿನ ಆಡಳಿತ ಮತ್ತು ಪ್ರಜೆಗಳ ಹಕ್ಕಿನದ್ದಾಗಿತ್ತು.

ಸರಕಾರದ ಕಡೆಯ ಲೋಪವನ್ನೂ ಹೇಳದೆ ಬಿಡಲಾಗದು. ಆಮದು ನೀತಿ ಒಂದು ಇಲಾಖೆಯದು, ಸುಂಕ ಇನ್ನೊಂದರದು, ನೋಂದಣಿ ಮತ್ತೊಂದರದು. ಎಲ್ಲ ನಿಯಮಗಳೂ ಇಂಗ್ಲಿಷಿನಲ್ಲಿ, ತಿದ್ದುಪಡಿಯ ಮೇಲೆ ತಿದ್ದುಪಡಿ. ಹತ್ತನೆಯ ತರಗತಿ ಮುಗಿಸಿ ವಿಮಾನ ಹತ್ತಿದವನು ದಲ್ಲಾಳಿಯನ್ನಲ್ಲದೆ ಯಾರನ್ನು ಕೇಳಬೇಕು? ಕರ್ನಾಟಕ ಅನಿವಾಸಿ ಭಾರತೀಯ ಸಮಿತಿಯು ಮರಳುವವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಗಲ್ಫ್‌ನ ಕನ್ನಡ ಸಂಘಗಳಿಗೆ ತಲುಪಿಸಲಿ. ಅದರ ಖರ್ಚು ಒಂದು ಕಾರಿನ ಸುಂಕದಷ್ಟೂ ಆಗದು.

ಅಲ್ಲಿಯವರೆಗೆ ಜಮಾಅತ್ ಸಮಿತಿಗಳು ಈ ವಿಷಯವನ್ನು ಶುಕ್ರವಾರದ ಪ್ರವಚನಕ್ಕೆ ತರಲಿ. ವಿದೇಶಿ ಗಾಡಿಯನ್ನು ಎರಡನೆಯ ಕೈಯಿಂದ ಕೊಳ್ಳುವವರು ಆರ್‌ಸಿಯನ್ನಷ್ಟೇ ನೋಡಿ ಮುಂಗಡ ಕೊಡಬಾರದು. ಬಂದರಿನಲ್ಲಿ ಸಲ್ಲಿಸಿದ ಬಿಲ್ ಆಫ್ ಎಂಟ್ರಿ ಮತ್ತು ಸುಂಕ ಕಟ್ಟಿದ ರಶೀದಿಯನ್ನು ಕೇಳಬೇಕು. ಅದರಲ್ಲಿರುವ ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಬೇಕು. ಈಗಾಗಲೇ ಯಾರದೋ ಮಾತಿಗೆ ರುಜು ಹಾಕಿ ನೋಟಿಸು ಬಂದವರು ಅದನ್ನು ಕಪಾಟಿನಲ್ಲಿಟ್ಟು ಮುಚ್ಚಬಾರದು. ಕಾಯ್ದೆಯ 108ನೆಯ ಸೆಕ್ಷನ್ ಅಡಿ ಅಧಿಕಾರಿಗಳ ಮುಂದೆ ಕೊಡುವ ಹೇಳಿಕೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಆದ್ದರಿಂದ ಓದದೆ, ಅರ್ಥವಾಗದೆ ಸಹಿ ಮಾಡಬಾರದು. ಆದೇಶ ಬಂದರೆ ಅರವತ್ತು ದಿನದೊಳಗೆ ಕಸ್ಟಮ್ಸ್ ಆಯುಕ್ತರಿಗೆ (ಅಪೀಲು) ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ನ್ಯಾಯಮಂಡಳಿಯಿದೆ. ಗಾಡಿ ಕೊಂಡವನು ಒಳ್ಳೆಯ ವಕೀಲನನ್ನು ಇಟ್ಟುಕೊಂಡೇ ಇರುತ್ತಾನೆ. ಹೆಸರು ಕೊಟ್ಟವನಿಗೂ ಒಬ್ಬ ವಕೀಲನನ್ನು ಒದಗಿಸುವ ಕೆಲಸವನ್ನು ಊರಿನ ಸಂಘಟನೆಗಳು ವಹಿಸಿಕೊಳ್ಳಲಿ.