ಮೂರನೆಯ ತೂತಿಗೆ ಅರ್ಥವಿದೆಯೇ?

ಬಾಡಿಗೆ ಮನೆ ನೋಡಲು ಹೋದಾಗ ನಾವೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನೀರು ಎಷ್ಟು ಹೊತ್ತು ಬರುತ್ತದೆ, ಸ್ಟೇಷನ್ ಎಷ್ಟು ದೂರ, ಡಿಪಾಸಿಟ್ ಎಷ್ಟು. ನಾನು ಇವುಗಳ ಜೊತೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಅರ್ಥಿಂಗ್ ಇದೆಯೇ? ಮುಂಬೈಯಾಗಲಿ ಚೆನ್ನೈಯಾಗಲಿ, ಈ ಪದಕ್ಕೆ ಅನುವಾದ ಬೇಕಿಲ್ಲ. ಮಾಲೀಕರು ಗೋಡೆಯತ್ತ ಕೈ ತೋರಿಸಿ ‘ಮೂರು ಪಿನ್ನಿನ ಸಾಕೆಟ್ಟೇ ಇದೆಯಲ್ಲ’ ಎನ್ನುತ್ತಾರೆ. ಆದರೆ ಮುಂದೆ ಮೂರು ತೂತಿದ್ದ ಮಾತ್ರಕ್ಕೆ ಹಿಂದೆ ಮೂರು ತಂತಿ ಇರಲೇಬೇಕೆಂದಿಲ್ಲ.

ಫ್ರಿಜ್, ವಾಷಿಂಗ್ ಮಷೀನ್, ಗೀಸರ್ ಇವುಗಳ ಹೊರಮೈ ಲೋಹದ್ದು. ಒಳಗೆ ಫೇಸ್ ತಂತಿಯ ಪ್ಲಾಸ್ಟಿಕ್ ಹೊದಿಕೆ ಸವೆದು ಆ ಮೈಗೆ ತಾಗಿತೆನ್ನಿ. ಅರ್ಥ್ ತಂತಿ ಸರಿಯಾಗಿದ್ದರೆ ಕರೆಂಟ್ ಅದರ ಮೂಲಕ ರಭಸದಿಂದ ಹರಿದು ಎಂಸಿಬಿ ಬೀಳುತ್ತದೆ. ಇಲ್ಲದಿದ್ದರೆ ಏನೂ ಆಗುವುದಿಲ್ಲ. ಅಪಾಯ ಇರುವುದೇ ಈ ‘ಏನೂ ಆಗದಿರುವುದ’ರಲ್ಲಿ. ಫ್ರಿಜ್ ತಣ್ಣಗೆ ಓಡುತ್ತಿರುತ್ತದೆ, ಅದರ ಮೈಮೇಲೆ 230 ವೋಲ್ಟ್ ಕಾದು ಕುಳಿತಿರುತ್ತದೆ. ಒದ್ದೆ ಕಾಲಿನಲ್ಲಿ ಯಾರು ಮೊದಲು ಬಾಗಿಲು ಹಿಡಿಯುತ್ತಾರೋ ಅವರೇ ಅರ್ಥ್ ತಂತಿಯಾಗುತ್ತಾರೆ.

ನಮ್ಮ ದೇಶದಲ್ಲಿ ಅರ್ಥಿಂಗಿಗೆ ಐಎಸ್ 3043, ಮನೆ ವೈರಿಂಗಿಗೆ ಐಎಸ್ 732, ಪ್ಲಗ್ ಸಾಕೆಟ್ಟಿಗೆ ಐಎಸ್ 1293 ಎಂಬ ಮಾನಕಗಳಿವೆ. ನಂಬರ್ ನೆನಪಿಡಬೇಕಿಲ್ಲ, ಅವುಗಳ ಹಿಂದಿನ ಯೋಚನೆ ನೆನಪಿದ್ದರೆ ಸಾಕು. ಪ್ಲಗ್ಗಿನ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಪ್ಲಗ್ ಹಾಕುವಾಗ ಅರ್ಥ್ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಆ ಪಿನ್ನನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವವರು ಇದನ್ನು ಗಮನಿಸಬೇಕು.

ಹಳೆಯ ಚಾಳುಗಳಲ್ಲಿ, ಹಳೆಯ ಕಟ್ಟಡಗಳಲ್ಲಿ ಮೂರು ಬಗೆಯ ಮೋಸ ಕಾಣಬಹುದು. ಒಂದು, ಅರ್ಥ್ ತಿರುಪಿಗೆ ತಂತಿಯೇ ಇರುವುದಿಲ್ಲ. ಎರಡು, ತಂತಿಯನ್ನು ನೀರಿನ ಪೈಪಿಗೆ ಕಟ್ಟಿರುತ್ತಾರೆ. ಪೈಪಿನ ನಡುವೆ ಎಲ್ಲೋ ಪ್ಲಾಸ್ಟಿಕ್ ತುಂಡು ಸೇರಿದ್ದರೆ ಅದು ಭೂಮಿಯನ್ನು ಮುಟ್ಟುವುದೇ ಇಲ್ಲ. ನಿಮ್ಮ ಗೀಸರಿನ ದೋಷ ಪಕ್ಕದ ಮನೆಯವರ ನಲ್ಲಿಯಲ್ಲಿ ಶಾಕ್ ಹೊಡೆಯಬಹುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ತಂತಿ ಎಳೆಯುವುದು. ಎಲ್ಲೋ ಒಂದು ಕಡೆ ನ್ಯೂಟ್ರಲ್ ಸಡಿಲವಾದರೆ, ಯಂತ್ರದಲ್ಲಿ ಯಾವ ದೋಷವಿಲ್ಲದಿದ್ದರೂ ಅದರ ಮೈಗೆಲ್ಲ ಕರೆಂಟ್ ಬರುತ್ತದೆ. ಏನೂ ಇಲ್ಲದ ಸಾಕೆಟ್ಟಿಗಿಂತ ಇದು ಅಪಾಯ.

‘ನೆಲಮಹಡಿಯ ಮನೆ, ಒಂದು ಸಲಾಕೆ ಹೂತು ತಂತಿ ಕಟ್ಟಿಬಿಟ್ಟರಾಯಿತಲ್ಲ’ ಎಂದು ಕೇಳುವವರಿದ್ದಾರೆ. ಊರಲ್ಲಿ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹೊಯ್ಯುತ್ತಿದ್ದುದು ನಮಗೆ ಗೊತ್ತಿರುವುದೇ. ಆದರೆ ಸಣ್ಣ ಲೆಕ್ಕ ನೋಡಿ. ಆ ನೆಲದ ಹಾದಿಯ ರೋಧ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು, ಮನುಷ್ಯರನ್ನು ಕಾಯಲು ಅಲ್ಲ.

ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬಂದಿತೇ ಎಂದು ಅದು ಲೆಕ್ಕ ಇಡುತ್ತದೆ. 30 ಮಿಲಿ ಆಂಪಿಯರ್ ಸೋರಿದರೆ ಸಂಪರ್ಕ ಕಡಿಯುತ್ತದೆ. ಅರ್ಥ್ ತಂತಿ ಇದ್ದರೆ ದೋಷ ಬಂದ ಕೂಡಲೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿ ಶಾಕ್ ಹೊಡೆದ ಮೇಲೆ ಬೀಳುತ್ತದೆ. ಅದಕ್ಕೇ ಎರಡೂ ಬೇಕು. ಪದೇ ಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ಕಿತ್ತು ಹಾಕಿಸುವುದು, ಬೊಗಳುತ್ತದೆಂದು ಕಾವಲು ನಾಯಿಯನ್ನು ಓಡಿಸಿದಂತೆ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳಬೇಕು.

ಟೆಸ್ಟರ್ ದೀಪ ಅರ್ಥ್ ಇದೆಯೋ ಇಲ್ಲವೋ ಹೇಳಲಾರದು. ಒಂದು ಒಳ್ಳೆಯ ಮಲ್ಟಿಮೀಟರ್ ಹೇಳುತ್ತದೆ. ಅದನ್ನು ಎಸಿ ವೋಲ್ಟಿನ ದೊಡ್ಡ ರೇಂಜಿಗಿಟ್ಟು, ಕೈ ಕಾಲು ಒಣಗಿರುವಾಗ, ಚಪ್ಪಲಿ ಹಾಕಿಕೊಂಡು ನೋಡಿ. ಸಾಕೆಟ್ಟಿಗೆ ಎದುರಾಗಿ ನಿಂತರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲೆ ಅರ್ಥ್. ಫೇಸ್–ನ್ಯೂಟ್ರಲ್ ಸುಮಾರು 230, ಫೇಸ್–ಅರ್ಥ್ ಅದರ ಆಸುಪಾಸು, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್–ಅರ್ಥ್ ನಡುವೆ ತೀರ ಕಡಿಮೆ ಬಂದರೆ ಅರ್ಥ್ ಇಲ್ಲ ಅಥವಾ ಎಲ್ಲೋ ಕಡಿದಿದೆ. ಗೀಸರ್ ಹಾಕಿದಾಗಲೂ ನ್ಯೂಟ್ರಲ್–ಅರ್ಥ್ ನಡುವೆ ಸೊನ್ನೆಯೇ ಬಂದರೆ ಆ ತುಂಡು ತಂತಿಯ ಅನುಮಾನ ಪಡಿ. ಇದು ಮೊದಲ ಪರೀಕ್ಷೆ ಮಾತ್ರ. ಅರ್ಥ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಎಲೆಕ್ಟ್ರಿಷಿಯನ್ ಅಳೆಯಬೇಕು.

ಮನೆಯಲ್ಲಿ ನಾವೇ ಎಷ್ಟು ಮಾಡಬಹುದು? ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಗೆರೆ ಸ್ಪಷ್ಟವಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದರೆ ಅಂಥದ್ದೇ ಇನ್ನೊಂದು ಹಾಕಿಕೊಳ್ಳಬಹುದು. ಹೊಸ ಲೈನ್ ಎಳೆಯುವುದು, ಅರ್ಥ್ ಸೇರಿಸುವುದು ಲೈಸೆನ್ಸ್ ಇರುವವರ ಕೆಲಸ. ಇದು ಬರೀ ಕಾಗದದ ಮಾತಲ್ಲ. ಬಣ್ಣದ ಒಂದು ಉದಾಹರಣೆ ಸಾಕು. ಗೋಡೆಯೊಳಗಿನ ವೈರಿಂಗಿನಲ್ಲಿ ನಮ್ಮಲ್ಲಿ ಕಪ್ಪು ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಮೂರೂ ಫೇಸ್. ಆದರೆ ಯಂತ್ರದ ಜೊತೆ ಬರುವ ವೈರಿನಲ್ಲಿ ಕಂದು ಫೇಸ್, ತಿಳಿನೀಲಿ ನ್ಯೂಟ್ರಲ್. ನೀಲಿಗೆ ನೀಲಿ ಎಂದು ಕೂಡಿಸಿದವನ ಗತಿ ಏನು, ಯೋಚಿಸಿ. ಎರಡೂ ಕಡೆ ಬದಲಾಗದ್ದು ಹಸಿರು, ಇಲ್ಲವೇ ಹಸಿರು–ಹಳದಿ ಪಟ್ಟೆ: ಅದೇ ಅರ್ಥ್.

‘ಬಾಡಿಗೆ ಮನೆಗೆ ನಾವ್ಯಾಕೆ ಖರ್ಚು ಮಾಡಬೇಕು’ ಎಂಬ ಮಾತು ನ್ಯಾಯವೇ. ಮಾಲೀಕರನ್ನು ಕೇಳಿ, ಮೀಟರ್ ಕೋಣೆಯವರೆಗಿನ ಅರ್ಥ್ ಬಗ್ಗೆ ಸೊಸೈಟಿಗೆ ಬರೆದು ಕೊಡಿ. ಆದರೆ ಅವರು ಒಪ್ಪುವ ತನಕ ಆ ಗೀಸರಿನ ನೀರಿನಲ್ಲಿ ಸ್ನಾನ ಮಾಡುವುದು ನಮ್ಮ ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿದರೆ ಕೆಲಸ ಸುಲಭ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮುಂಚೆ ಗೀಸರ್, ಫ್ರಿಜ್, ವಾಷಿಂಗ್ ಮಷೀನಿನ ಮೂರು ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿಯಿರಿ. ಹತ್ತು ನಿಮಿಷದ ಕೆಲಸ.