ಮಿಣುಕುವ ಹೆಡ್‌ಲೈಟು ಮತ್ತು ನಮ್ಮ ವಿಜ್ಞಾನ ಪಾಠ

ಕಾರಿನ ಹೆಡ್‌ಲೈಟು ಮಿಣುಕತೊಡಗಿದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಹೊಸ ಬಲ್ಬು ಹಾಕಿಸುವುದು, ಇಲ್ಲವೇ "ಉರಿಯುತ್ತದಲ್ಲ, ಸಾಕು" ಎಂದು ಹಾಗೇ ಓಡಿಸುವುದು. ಎರಡೂ ಸರಿಯಲ್ಲ. ಜ್ವರ ಬಂದವನಿಗೆ ಅಂಗಿ ಬದಲಿಸಿದರೆ ಜ್ವರ ಬಿಟ್ಟೀತೇ?

ಕಾಸರಗೋಡಿನ ನಮಗೆ ಇದು ಸಣ್ಣ ವಿಷಯವಲ್ಲ. ಮಳೆಗಾಲದ ಸಂಜೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತಿರುವು ರಸ್ತೆಗಳಲ್ಲಿ ಜೀಪು, ವ್ಯಾನುಗಳು ಶಾಲೆಯ ಮಕ್ಕಳನ್ನು ತುಂಬಿಕೊಂಡು ಬರುತ್ತವೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ದೀಪ ಒಂದು ಸೆಕೆಂಡು ಕೈಕೊಟ್ಟರೆ ಆ 11 ಮೀಟರ್ ದೂರ ಚಾಲಕ ಕುರುಡ.

ದೋಷ ಹೆಚ್ಚಾಗಿ ಇರುವುದು ಬಲ್ಬಿನಲ್ಲಲ್ಲ, ಬಲ್ಬಿಗೆ ವಿದ್ಯುತ್ ಬರುವ ದಾರಿಯಲ್ಲಿ. ಕಡಲ ಬದಿಯ ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ, ಕೊಟ್ಟಿಗೆಯ ಇಲಿ ಇವು ಮೂರೂ ಸೇರಿ ವಯರು, ಹೋಲ್ಡರುಗಳನ್ನು ಕೆಡಿಸುತ್ತವೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದರೆ ಅಲ್ಲಿ ರೋಧ ಹೆಚ್ಚುತ್ತದೆ. ಇನ್ನು ಓಮನ ನಿಯಮದ ಲೆಕ್ಕ ಮಾಡಿ ನೋಡೋಣ. 12 ವೋಲ್ಟಿನ 60 ವಾಟ್ ಬಲ್ಬಿಗೆ 5 ಆಂಪಿಯರ್ ಬೇಕು. ದಾರಿಯಲ್ಲಿ ಬರೇ 0.2 ಓಮ್ ರೋಧ ಇದ್ದರೂ ಸುಮಾರು 1 ವೋಲ್ಟ್ ಅಲ್ಲೇ ನಷ್ಟ. ಬೆಳಕು ಸುಮಾರು ಕಾಲುಭಾಗ ಇಳಿಯುತ್ತದೆ. ಆ ಜಾಗದಲ್ಲಿ ಹುಟ್ಟುವ 5 ವಾಟ್ ಶಾಖ ಹೋಲ್ಡರಿನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಹೊಸ ಬಲ್ಬು ಹಾಕಿದರೆ ಈ ಶಾಖ ಎಲ್ಲಿಗೂ ಹೋಗುವುದಿಲ್ಲ.

ಹುಡುಕುವ ಕ್ರಮ ಸುಲಭ. ಒಂದೇ ದೀಪ ಮಿಣುಕುತ್ತದೆಯೋ, ಎರಡೂ ಒಟ್ಟಿಗೆಯೋ ಎಂದು ಮೊದಲು ಗಮನಿಸಿ. ಒಂದೇ ಆದರೆ ಆ ಬದಿಯ ಬಲ್ಬು, ಹೋಲ್ಡರು, ಅರ್ತಿನ ವಯರು ನೋಡಿ. ರಸ್ತೆಯ ಗುಂಡಿಗೆ ಬಿದ್ದಾಗ ಮಾತ್ರ ಮಿಣುಕಿದರೆ ಸಂಪರ್ಕ ಸಡಿಲವಾಗಿದೆ ಎಂದರ್ಥ. ಎರಡೂ ಒಟ್ಟಿಗೆ ಮಿಣುಕಿದರೆ ಬ್ಯಾಟರಿಯ ಟರ್ಮಿನಲ್, ಸ್ವಿಚ್ಚು, ರಿಲೇ ಇವುಗಳ ಮೇಲೆ ಸಂಶಯಪಡಿ. ಎಂಜಿನ್ನಿನ ವೇಗದೊಂದಿಗೆ ಬೆಳಕು ಏರಿಳಿದರೆ ಆಲ್ಟರ್ನೇಟರು ಅಥವಾ ಅದರ ಬೆಲ್ಟಿನ ಕಡೆ ನೋಡಬೇಕು.

ಮಲ್ಟಿಮೀಟರ್ ಇದ್ದರೆ ಊಹೆ ಬೇಡ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ದೀಪ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯಲ್ಲೂ ಅಳೆಯಿರಿ. ಎರಡರ ನಡುವೆ 1 ವೋಲ್ಟಿನಷ್ಟು ವ್ಯತ್ಯಾಸ ಕಂಡರೆ ಕಳ್ಳ ದಾರಿಯಲ್ಲೇ ಇದ್ದಾನೆ.

ರಿಪೇರಿಗೆ ಮೊದಲು ಎಂಜಿನ್ ನಿಲ್ಲಿಸಿ, ಕೈಯ ಉಂಗುರ, ಬಳೆ ತೆಗೆದಿಟ್ಟು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಬಿಗಿಯಾಗಿ ಜೋಡಿಸಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಅರ್ತಿನ ಬೋಲ್ಟಿನ ಕೆಳಗಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ. ಕಂದಿದ, ಕರಗಿದ ಹೋಲ್ಡರನ್ನು ಬದಲಿಸಲೇಬೇಕು. ಹೊಸ ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಎಣ್ಣೆ ತಾಗಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಎಂದು ನಾವು ಹೇಳುತ್ತಿಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು ಬೆಂಕಿಯನ್ನು ಮನೆಗೆ ಕರೆದಂತೆ. ಅಂಥ ಗಾಡಿ ಮೆಕ್ಯಾನಿಕರ ಬಳಿಗೆ ಹೋಗಲಿ. ಬಲ್ಬಿನ ಬದಲು ಪೂರ್ತಿ ಎಲ್‌ಇಡಿ ಘಟಕವೇ ಇರುವ ಹೊಸ ಕಾರುಗಳೂ, ಬೆಳಗುವಾಗ ಸಾವಿರಾರು ವೋಲ್ಟ್ ಉಂಟಾಗುವ ಜೆನಾನ್ ದೀಪಗಳೂ ಹಾಗೆಯೇ. ಹ್ಯಾಲೊಜನ್ನಿಗೆಂದು ಮಾಡಿದ ದೀಪದೊಳಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕುವುದೂ ಬೇಡ. ಅದೇ ಮಿಣುಕಬಹುದು, ಎದುರಿನವರ ಕಣ್ಣಿಗೂ ಕುಕ್ಕಬಹುದು.

"ಇದು ವರ್ಕ್‌ಶಾಪಿನವರ ಕೆಲಸ, ಮಾಸ್ತರರಿಗೇಕೆ?" ಎಂದು ಕೇಳುವವರಿದ್ದಾರೆ. ವಿದ್ಯುತ್ ಮಂಡಲ, ರೋಧ, ವಿಭವಾಂತರ ಎಂದು ತರಗತಿಯಲ್ಲಿ ಕಲಿಸುವವರು ನಾವೇ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಅಪ್ಪನ ಓಮ್ನಿಯ ದೀಪ ಮಿಣುಕಿದಾಗ ಆ ಪಾಠ ನೆನಪಿಗೆ ಬರುವುದಿಲ್ಲ. ಕನ್ನಡದಲ್ಲಿ ವಿಜ್ಞಾನ ಕಲಿತರೆ ಏನು ಪ್ರಯೋಜನ ಎಂದು ಕೇಳುವವರಿಗೆ ನಾವು ಭಾಷಣದಲ್ಲಿ ಉತ್ತರ ಕೊಡುತ್ತಾ ಬಂದಿದ್ದೇವೆ. ಹೋಲ್ಡರಿನಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂದು ಅಳೆದು, ಕಾರಣವನ್ನು ಕನ್ನಡದಲ್ಲೇ ಮನೆಯವರಿಗೆ ವಿವರಿಸುವ ಹುಡುಗಿ ಅದಕ್ಕಿಂತ ಒಳ್ಳೆಯ ಉತ್ತರ.

ಆದ್ದರಿಂದ ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ವಿದ್ಯುತ್ ಪಾಠದ ವಾರ ಒಂದು ಹಳೆಯ ಹೆಡ್‌ಲೈಟು, ಒಂದು ಬ್ಯಾಟರಿ, ಒಂದು ಮಲ್ಟಿಮೀಟರ್ ತರಗತಿಗೆ ತನ್ನಿ. ಹೆತ್ತವರೇ, ಮಳೆ ಹಿಡಿಯುವ ಮೊದಲು, ಮೇ ತಿಂಗಳ ಒಂದು ಭಾನುವಾರ ಮಕ್ಕಳನ್ನು ಜೊತೆಗಿಟ್ಟುಕೊಂಡು ನಿಮ್ಮ ಗಾಡಿಯ ಬಾನೆಟ್ ತೆರೆಯಿರಿ. ಮಕ್ಕಳನ್ನು ಕರೆತರುವ ವ್ಯಾನಿನ ದೀಪವನ್ನೂ ಒಮ್ಮೆ ಹಾಕಿಸಿ ನೋಡಿ.